ಕಾಕಾನ ಕಾರ್ಬ್ಯುರೇಟರೂ ಕಾಕೂನ ರೊಟ್ಟಿಯೂ

ನಮ್ಮ ಕಾಕಾ ಮನುಷ್ಯರ ಮಾತು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಯಂತ್ರ ಕೆಮ್ಮಿದರೆ ಮಾತ್ರ ಮೈಯೆಲ್ಲ ಕಿವಿಯಾಗುತ್ತಿದ್ದ! ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಅಕ್ಕಿ ಗಿರಣಿಗಳ ಮಷೀನು ರಿಪೇರಿ ಅವನ ಕಸುಬು. ಗಿರಣಿಯ ಬಾಗಿಲಲ್ಲಿ ನಿಂತೇ ‘ಒಳಗ ಬೇರಿಂಗ್ ಅಳಾಕತ್ತೈತಿ’ ಎನ್ನುತ್ತಿದ್ದ. ಅದೇ ಅವನ ಅಣ್ಣ, ಅಂದರೆ ನಮ್ಮಪ್ಪ, ಪಕ್ಕದಲ್ಲೇ ನಿಂತು ಕೂಗಿದರೂ ಕೇಳುತ್ತಿರಲಿಲ್ಲ. ಇಂಥವನಿಗೆ ಏನೆನ್ನಬೇಕು ಹೇಳಿ?

ಅಕ್ಕಿಆಲೂರಿನ ಅವನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಸಂಜೆ ಕೆರೆಯ ಏರಿಯ ಮೇಲೆ ಅವನ ಮೋಟಾರ್ ಸೈಕಲ್ಲಿನ ಡುಗುಡುಗು ಕೇಳಿದೊಡನೆ ಅವನ ಹೆಂಡತಿ, ನಮ್ಮ ಕಾಕು, ಹಂಚಿನ ಮೇಲೆ ರೊಟ್ಟಿ ಹಾಕಬೇಕು. ಅವನು ಕಾಲು ತೊಳೆದು ಕೂಡುವಷ್ಟರಲ್ಲಿ ರೊಟ್ಟಿ ಉಬ್ಬಿ ತಾಟಿಗೆ ಬೀಳಬೇಕು. ಮದುವೆಯಾದಾಗಿನಿಂದ ನಡೆದು ಬಂದ ಇದು ಒಂದು ಮಳೆಗಾಲದಲ್ಲಿ ತಪ್ಪತೊಡಗಿತು. ಕಾಕಾ ಬಂದು ಕೂತರೂ ಹಂಚು ತಣ್ಣಗೆ!

‘ಅಯ್ಯ, ಯಾವಾಗ ಬಂದ್ರಿ?’ ಎಂದು ಕಾಕು ಗಾಬರಿಯಾಗಿ ಒಲೆ ಊದುವಳು. ಮುಖ ಸಣ್ಣದಾಗುವುದು.

‘ನಿಂದೇನ ತಪ್ಪಿಲ್ಲ ಬಿಡು. ಗಾಡಿ ಧ್ವನಿ ಬಿದ್ದೈತಿ,’ ಎನ್ನುವನು ಕಾಕಾ.

ಗಾಡಿಯ ಧ್ವನಿ ಬೀಳುವುದೆಂದರೇನು? ಅದೇನು ಸಂಗೀತಗಾರನೆ? ನಮ್ಮ ಕಿವಿಗೆ ಅದು ಮೊದಲಿನಷ್ಟೇ ಗದ್ದಲ ಮಾಡುತ್ತಿತ್ತು. ಕಾಕಾ ಕೇಳಬೇಕಲ್ಲ! ಹುಬ್ಬಳ್ಳಿಗೆ ಹೋಗಿ ಬೇರೆಯದೇ ಒಂದು ಏರ್ ಫಿಲ್ಟರ್ ತಂದ. ಗಾಡಿಯ ಜೊತೆ ಬಂದದ್ದು ಮುಚ್ಚಿದ ತಗಡಿನ ಡಬ್ಬಿಯೊಳಗಿತ್ತು. ಇದೋ, ಚಹಾ ಸೋಸುವ ಜರಡಿಯ ಹಾಗೆ ಬಟಾಬಯಲು. ‘ಗಾಡಿ ಇನ್ನ ಬಾಯಿ ತಗದು ಉಸರಾಡತೈತಿ, ಧ್ವನಿ ಏರತೈತಿ!’ ಎಂದು ಸಾರಿದ. ಉಸಿರಾಡಿತು, ನಿಜ. ಆದರೆ ಒಳಗೆ ಗಾಳಿ ಹೆಚ್ಚಾಗಿ, ಪೆಟ್ರೋಲು ಸಾಲದೆ, ಢಂ ಢಂ ಎಂದು ಸಿಡಿದು ನಿಂತುಬಿಡುತ್ತಿತ್ತು. ಅಂಗಳದಲ್ಲಿ ಕಟ್ಟಿದ್ದ ಎಮ್ಮೆ ಆ ಸದ್ದಿಗೆ ಮುನಿದು ಹಾಲು ಕೊಡುವುದನ್ನೇ ಕಡಿಮೆ ಮಾಡಿತು.

ಅಲ್ಲಿಂದ ಶುರುವಾಯಿತು ನೋಡಿ ಕಾರ್ಬ್ಯುರೇಟರ್ ಪುರಾಣ! ಪೆಟ್ರೋಲು ಹೆಚ್ಚು ಹಾಯಲೆಂದು ದೊಡ್ಡ ತೂತಿನ ಜೆಟ್ಟು ಹಾಕುವುದು, ಸ್ಕ್ರೂ ಒಂದಿಷ್ಟು ತಿರುವುವುದು, ಸ್ವಲ್ಪ ದೂರ ಓಡಿಸಿ ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಬೆಳ್ಳಗಿದ್ದರೆ ಗಾಳಿ ಹೆಚ್ಚು, ಕರ್ರಗಿದ್ದರೆ ಪೆಟ್ರೋಲು ಹೆಚ್ಚು, ಚಹಾದ ಬಣ್ಣಕ್ಕೆ ಬಂದರೆ ಸರಿ. ಬಿಚ್ಚಿದ ಕಾರ್ಬ್ಯುರೇಟರಿಗೆ ಧೂಳು ತಾಗಬಾರದೆಂದು ರೊಟ್ಟಿ ಬುಟ್ಟಿಯಲ್ಲಿ ಬಿಳಿ ಅರಿವೆ ಹೊದಿಸಿ ಮಲಗಿಸುತ್ತಿದ್ದ.

‘ರೊಟ್ಟಿ ಎಲ್ಲಿಡ್ಲಿ? ನಿಮ್ಮ ತಲಿ ಮ್ಯಾಲ ಇಡ್ಲೇನ್ರಿ?’ ಎಂದಳು ಕಾಕು.

‘ಇಡು. ಬಿಸಿ ಇದ್ರ ಸಾಕು!’

ಅಪ್ಪನನ್ನು ಯಲವಿಗಿಯಲ್ಲಿ ರೈಲು ಹತ್ತಿಸಲು ಹೊರಟವನು, ಸ್ಟೇಷನ್ನು ಕಣ್ಣಿಗೆ ಬಿದ್ದಾಗ ಗಾಡಿ ಬಂದ್ ಮಾಡಿ ಪ್ಲಗ್ ಬಿಚ್ಚಿ ಕೂತ. ಕಣ್ಣೆದುರೇ ರೈಲು ಹೊರಟಿತು.

‘ರೈಲು ಹೋತಲ್ಲೋ ಹುಚ್ಚಪ್ಪಾ!’

‘ಇನ್ನೊಂದ ಬರತೈತಿ ಬಿಡಣ್ಣಾ. ಬಣ್ಣ ನೋಡು, ಇನ್ನೂ ಸ್ವಲ್ಪ ಬೆಳ್ಳಗೈತಿ!’

ಅಪ್ಪ ಅಂದಿನಿಂದ ಬಸ್ಸಿನಲ್ಲೇ ತಿರುಗಾಡಿದ.

ಆಗ ನಾನು ಶಿಗ್ಗಾಂವದಲ್ಲಿ ಕಾಲೇಜು ಓದುತ್ತಿದ್ದೆ. ಒಂದು ಶನಿವಾರ ಕಾಕಾನ ಹಿಂದೆ ಕೂತು ಅವನ ಮನೆಗೆ ಬಂದೆ. ಕಾಕು ನಮಗೆ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದಳು. ‘ಕಾಕೂ!’ ಎಂದೆ. ತಿರುಗಲಿಲ್ಲ. ಗಟ್ಟಿಯಾಗಿ ಕೂಗಿದೆ. ಊಹೂಂ. ಕಾಕಾ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ.

‘ಕಾಕಾ, ಗಾಡಿಗೇನೂ ಆಗಿಲ್ಲ. ಕಾಕೂನ ಕಿವಿ...’

‘ಗೊತ್ತೈತಿ. ಆಕಿ ಮುಂದ ಅನ್ನಬ್ಯಾಡ. ರೊಟ್ಟಿ ತಡಾ ಆತಂದ್ರ ಒಬ್ಬಾಕಿನ ಕುಂತು ಅಳತಾಳ. ಗಾಡಿದ ತಪ್ಪಾದ್ರ ಸ್ಕ್ರೂ ತಿರುವತೇನಿ. ಕಿವಿದಾದ್ರ ನಾ ಏನ ತಿರುವಲಿ?’

ಇಷ್ಟು ದಿನ ಇವನ ಹುಚ್ಚನ್ನು ಊರಿಗೆಲ್ಲ ಹೇಳಿ ನಗಿಸಿದ್ದೆ. ಈಗ ಅವನ ಪಕ್ಕದಲ್ಲಿ ಕೂತು ಪ್ಲಗ್ ಒರೆಸಿಕೊಟ್ಟೆ.

ಸುಗ್ಗಿಯ ಹೊತ್ತಿಗೆ ಪ್ಲಗ್ಗು ಚಹಾದ ಬಣ್ಣಕ್ಕೆ ಬಂತು. ಸಿಡಿಯುವುದು ನಿಂತಿತು. ಜರಡಿ ಫಿಲ್ಟರಿನ ಗಾಡಿ ಏರಿಯ ಮೇಲೆ ಅಬ್ಬರಿಸಿಕೊಂಡು ಬಂದರೆ ಕೆರೆಯ ಕೊಕ್ಕರೆಗಳೆಲ್ಲ ಹಾರಿಹೋಗುತ್ತಿದ್ದವು. ಒಂದು ಸಂಜೆ ನಾನು ಅಡುಗೆಮನೆಯಲ್ಲೇ ಕೂತಿದ್ದೆ. ಸದ್ದು ಬಂತು, ಕಾಕು ಹಂಚಿನ ಮೇಲೆ ರೊಟ್ಟಿ ಹಾಕಿದಳು! ಕಾಕಾ ಕಾಲು ತೊಳೆದು ಕೂತ, ರೊಟ್ಟಿ ಉಬ್ಬಿ ತಾಟಿಗೆ ಬಿತ್ತು.

‘ಈಗ ಹೆಂಗೈತಿ ಧ್ವನಿ?’ ಎಂದು ಅವಳ ಎದುರಿಗೆ ಬಾಗಿ ಕೇಳಿದ.

‘ಊರಿಗೆಲ್ಲಾ ಕೇಳೂದು ನನಗ ಕೇಳೂದಿಲ್ಲೇನ್ರಿ?’

ಕಾಕಾ ಹಿಗ್ಗಿ ಹೀರೇಕಾಯಿಯಾಗಿ ಇನ್ನೊಂದು ರೊಟ್ಟಿ ತಿಂದ. ಅವನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಾನು ಕಾಕೂನ ಮುಂದೆ ಕೂತು, ‘ಭಾಳ ಛಲೋ ಆತು ನೋಡು,’ ಎಂದೆ. ಅವಳು ಬಾಗಿಲ ಕಡೆ ಬೆರಳು ಮಾಡಿದಳು. ಅಂಗಳದ ಎಮ್ಮೆ ಒಲೆಯ ಮುಂದೆ ಕೂತವರಿಗೆ ನೇರವಾಗಿ ಕಾಣುತ್ತಿತ್ತು.

‘ಗಾಡಿ ಏರಿ ಮ್ಯಾಲ ಬಂತಂದ್ರ ಅದು ಬೆದರಿ ಕಿವಿ ನಿಗರಸ್ತೈತಿ. ಅದನ್ನ ನೋಡಿ ನಾ ರೊಟ್ಟಿ ಹಾಕ್ತೇನಿ. ಮೊದಲಿನ ಧ್ವನಿಗೆ ಅದು ಅಲಗತಿದ್ದಿಲ್ಲ,’ ಎಂದಳು. ಹಿತ್ತಲ ಕಡೆ ಒಮ್ಮೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ನಿಮ್ಮ ಕಾಕಾಗ ಹೇಳಬ್ಯಾಡ. ಪಾಪ, ನನ್ನ ಸಲುವಾಗಿ ಎಷ್ಟ ತಿರುವ್ಯಾರ!’