ಇಪ್ಪತ್ತಮೂರು ಎಲೆಗಳ ಗಿಡ

ರಾತ್ರಿ ಒಂದೂವರೆಗೆ ಹಜಾರದಲ್ಲಿ 'ಟಪ್' ಎಂದಿತು. ಗುಮಾಸ್ತರು ಎದ್ದು ದೀಪ ಹಾಕಿದರು. ಕುಂಡದ ಕೆಳಗೆ ಹಾಸಿದ್ದ ಹಳೇ ಪೇಪರಿನ ಮೇಲೆ ಒಂದು ಎಲೆ ಬಿದ್ದಿತ್ತು. ಮಲಗುವಾಗ ಇಪ್ಪತ್ತಮೂರಿದ್ದವು, ಈಗ ಇಪ್ಪತ್ತೆರಡು.

ಹಸಿರು ಎಲೆ, ಸುತ್ತ ಬಿಳಿ ಅಂಚು, ನಡುನಡುವೆ ಯಾರೋ ಸುಣ್ಣ ಸಿಡಿಸಿದಂತೆ ಚುಕ್ಕೆ. ಮಾರಿದವನು, "ಹೊಸಬರಿಗೆ ಹೇಳಿ ಮಾಡಿಸಿದ ಬೋನ್ಸಾಯ್ ಸಾರ್" ಅಂದಿದ್ದ. ಹೆಸರು ಕೇಳಿದ್ದಕ್ಕೆ, "ಹೆಸರು ಕಟ್ಕೊಂಡು ಏನ್ ಮಾಡ್ತೀರಿ, ನೀರು ಹಾಕಿ" ಅಂದ.

ಆದರೆ ಗುಮಾಸ್ತರಿಗೆ ಹೆಸರು ಬೇಕೇ ಬೇಕಿತ್ತು. ಸಂಜೆ ಆರರ ಬಸ್ಸಿಗೆ ಮಾವ ಬರುವವರಿದ್ದರು. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಮದುವೆಯಾದ ಹೊಸದರಲ್ಲಿ ಗುಮಾಸ್ತರು ಅವರ ಮನೆ ಮೂಲೆಯಲ್ಲಿದ್ದ ಗಿಡ ನೋಡಿ, "ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ ಮಾವ, ದಿನಾ ನೀರು ಹಾಕ್ತೀರಾ?" ಎಂದಿದ್ದರು. ಅದು ಪ್ಲಾಸ್ಟಿಕ್ಕಿನದು. ಹತ್ತು ವರ್ಷದಿಂದ ಆ ಮಾತು ನೆಂಟರ ಬಾಯಲ್ಲೇ ಓಡಾಡಿಕೊಂಡಿತ್ತು. ಅದನ್ನು ಅಳಿಸಲೆಂದೇ ಹೋದ ವಾರ ಫೋನಿನಲ್ಲಿ, "ನಾನೀಗ ಬೋನ್ಸಾಯ್ ಮಾಡ್ತಿದ್ದೀನಿ ಮಾವ" ಎಂದುಬಿಟ್ಟಿದ್ದರು.

"ಹೌದಾ? ಯಾವ ಗಿಡ?"

"ನೀವೇ ಬಂದು ನೋಡಿ" ಎಂದು ಫೋನ್ ಇಟ್ಟಿದ್ದರು.

ಬೆಳಗ್ಗೆ ಕುಂಡವನ್ನು ಚೀಲದಲ್ಲಿಟ್ಟುಕೊಂಡು ಕಚೇರಿಗೆ ಹೊರಟರು. ಅಷ್ಟು ಜನರಲ್ಲಿ ಒಬ್ಬರಿಗಾದರೂ ಗೊತ್ತಿರದೆ ಇರುತ್ತದೆಯೇ? ಮೆಟ್ಟಿಲಲ್ಲೇ ಕೆಳಮನೆಯ ಕಾಂಪೌಂಡರ್ ಸಿಕ್ಕಿದರು.

"ಎಲೆ ಉಜ್ಜಿ ಮೂಸಿದರೆ ಹೆಸರು ತಾನಾಗೇ ಬರುತ್ತೆ" ಎಂದು ಒಂದನ್ನು ಚಿವುಟಿ, ಉಜ್ಜಿ, ಕಣ್ಣು ಮುಚ್ಚಿ ಮೂಸಿದರು. "ಕೆಮ್ಮಿನ ಔಷಧಿ ವಾಸನೆ."

"ಅದು ನಿಮ್ಮ ಕೈಯದು ಇರಬೇಕು" ಎಂದರು ಗುಮಾಸ್ತರು ಮೆಲ್ಲಗೆ.

"ಇರಬಹುದು. ಇನ್ನೊಂದು ಇಟ್ಕೊಂಡಿರ್ತೀನಿ, ಕೈ ತೊಳೆದು ನೋಡ್ತೀನಿ." ಇಪ್ಪತ್ತು ಉಳಿದವು.

ಕಚೇರಿಯಲ್ಲಿ ಹೆಡ್ ಕ್ಲರ್ಕು ಕನ್ನಡಕ ಏರಿಸಿ, "ಇದು ಆಲದ ಜಾತಿ ಕಣ್ರೀ. ಕಿತ್ತರೆ ಹಾಲು ಬರುತ್ತೆ" ಎಂದು ಕಿತ್ತರು. ಬರಲಿಲ್ಲ. "ಕೆಳಗಿನದು ಒಣಗಿರುತ್ತೆ, ಮೇಲಿನದು ನೋಡೋಣ." ಅದರಲ್ಲೂ ಬರಲಿಲ್ಲ. ನಾಲ್ಕು ಎಲೆಯಾದ ಮೇಲೆ ಆದೇಶ ಹೊರಡಿಸುವ ಗತ್ತಿನಲ್ಲಿ, "ಇದು ಆಲ ಅಲ್ಲ" ಎಂದರು.

"ಮತ್ತೆ ಏನು ಸಾರ್?"

"ಏನಲ್ಲ ಅಂತ ಗೊತ್ತಾಯ್ತಲ್ಲ, ಅರ್ಧ ಕೆಲಸ ಮುಗೀತು."

ಟೈಪಿಸ್ಟ್ ಅಕ್ಕ ನಕ್ಕಳು. "ಈ ಕಾಲದಲ್ಲಿ ಯಾರಾದ್ರೂ ಹಾಲು ಕರೀತಾ ಕೂರ್ತಾರಾ? ಫೋನಿಗೆ ಫೋಟೋ ಕೊಟ್ಟರೆ ಅದೇ ಹೇಳುತ್ತೆ. ಎಲೆ ಬಿಡಿಯಾಗಿ ಬಿಳಿ ಹಾಳೆ ಮೇಲಿರಬೇಕು ಅಷ್ಟೇ." ಕತ್ತರಿ ತೆಗೆದು ಎಳೆಯದು, ಬಲಿತದ್ದು, ಅಗಲದ್ದು, ಚೂಪಿನದ್ದು ಎಂದು ಆರನ್ನು ಅಚ್ಚುಕಟ್ಟಾಗಿ ಕತ್ತರಿಸಿದಳು. ಫೋನು ಮೊದಲು ಕ್ರೋಟನ್ ಎಂದಿತು, ಆಮೇಲೆ ದಾಸವಾಳ ಎಂದಿತು. ಕೊನೆಗೆ ಬಹಳ ಯೋಚಿಸಿ ಎಲೆಕೋಸು ಎಂದಿತು.

ಊಟದ ಹೊತ್ತಿಗೆ ಸುದ್ದಿ ಮೂರೂ ಮಹಡಿಗೆ ಹಬ್ಬಿತು. ಒಬ್ಬರ ಅಕ್ಕನ ಮನೆಯಲ್ಲಿ ಇಂಥದ್ದೇ ಇತ್ತು, ಇನ್ನೊಬ್ಬರಿಗೆ ತೋಟಗಾರಿಕೆಯವರ ಪರಿಚಯವಿತ್ತು. "ಒಂದೇ ಒಂದು ಎಲೆ ಕೊಡಿ, ತೋರಿಸಿ ಬಂದು ಹೇಳ್ತೀನಿ." ಬೇಡ ಎನ್ನುವ ಮಾತು ಗುಮಾಸ್ತರ ಗಂಟಲಿನಿಂದ ಹೊರಡುವಷ್ಟರಲ್ಲಿ ಎಲೆ ಜೇಬು ಸೇರಿರುತ್ತಿತ್ತು. ಸಂಜೆ ಚೀಲದೊಳಗೆ ನೋಡಿಕೊಂಡರೆ ತುದಿಯಲ್ಲಿ ಒಂಟಿ ಎಲೆ, ಪರೀಕ್ಷೆ ಮುಗಿದರೂ ಎದ್ದು ಹೋಗದ ಹುಡುಗನ ಹಾಗೆ ಕೂತಿತ್ತು.

ಮನೆ ಮೆಟ್ಟಿಲಲ್ಲಿ ಕಾಂಪೌಂಡರ್ ಕಾಯುತ್ತಿದ್ದರು. "ಬೆಳಗ್ಗೆ ಇಟ್ಕೊಂಡಿದ್ದ ಎಲೇನ ನಮ್ಮನೆಯವಳು ಕಸ ಅಂತ ಗುಡಿಸಿಬಿಟ್ಟಳು. ಈಗ ಕೈ ತೊಳ್ಕೊಂಡೇ ಬಂದಿದ್ದೀನಿ" ಎಂದು ಆ ಒಂಟಿ ಎಲೆಯನ್ನೂ ಚಿವುಟಿ, ಮೂಸಿ, "ಏನೂ ವಾಸನೆ ಇಲ್ಲ" ಎಂದು ಒಳಗೆ ಹೋದರು.

ಗುಮಾಸ್ತರು ಬೋಳು ಕಡ್ಡಿಗಳನ್ನು ಹಜಾರದಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಬೇಕು ಎನ್ನುವಾಗಲೇ ಬಸ್ ನಿಲ್ದಾಣದಿಂದ ಹೆಂಡತಿ ಅಪ್ಪನನ್ನು ಕರೆದುಕೊಂಡು ಬಂದಳು. "ಅಯ್ಯೋ, ಎಲೆ ಎಲ್ಲಿ ರೀ?" ಎಂದಳು.

ಮಾವ ಮಗಳಿಗೆ ಕೈ ಸನ್ನೆ ಮಾಡಿ ಸುಮ್ಮನಾಗಿಸಿದರು. ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಹಳ ಹೊತ್ತು ನೋಡಿದರು. ಗುಮಾಸ್ತರು ಗೋಡೆಗೆ ಒರಗಿ ತೀರ್ಪಿಗೆ ಕಾದರು.

"ಯಾರು ಕಲಿಸಿದ್ದು ನಿಮಗೆ ಇದನ್ನ?"

"ಯಾರೂ ಇಲ್ಲ ಮಾವ... ಹಾಗೇ ಆಯ್ತು."

"ಪೂರ್ತಿ ಎಲೆ ತೆಗೆದು ಗಿಡಾನ ಬೋಳು ಮಾಡೋದು ಬೋನ್ಸಾಯ್‌ನಲ್ಲಿ ದೊಡ್ಡ ವಿದ್ಯೆ. ಮತ್ತೆ ಚಿಗುರುವಾಗ ಎಲೆ ಪುಟ್ಟದಾಗಿ ಬರುತ್ತೆ. ನೋಡಮ್ಮ, ತೊಟ್ಟು ಉಳಿಸಿ ತೆಗೆದಿದ್ದಾರೆ. ನಾನು ಪಾಠ ಹೇಳಿದ್ದಷ್ಟೇ, ಮಾಡೋಕೆ ಧೈರ್ಯ ಬಂದಿರಲಿಲ್ಲ. ಎಷ್ಟು ಹೊತ್ತು ಹಿಡೀತು?"

"ಬೆಳಗಿನಿಂದ" ಎಂದರು ಗುಮಾಸ್ತರು, ಸುಳ್ಳು ಹೇಳದೆ.

ಹೆಂಡತಿ ಗಂಡನನ್ನು ಹೊಸ ಮನುಷ್ಯನಂತೆ ನೋಡಿ ಟೀ ಮಾಡಲು ಒಳಗೆ ಹೋದಳು. ಅವಳು ಮರೆಯಾದದ್ದೇ ಮಾವ ಪಕ್ಕಕ್ಕೆ ಸರಿದು ತಮ್ಮ ಚೀಲದಿಂದ ಒಂದು ಕುಂಡ ತೆಗೆದರು. ಹಸಿರು ಎಲೆ, ಬಿಳಿ ಅಂಚು, ಸುಣ್ಣ ಸಿಡಿಸಿದಂತೆ ಚುಕ್ಕೆ.

"ಹೋದ ತಿಂಗಳು ಕೊಂಡೆ. ಹೊಸಬರ ಬೋನ್ಸಾಯ್ ಅಂದ" ಎಂದು ದನಿ ತಗ್ಗಿಸಿದರು. "ನನ್ನ ಪುಸ್ತಕ ಎಲ್ಲಾ ಮಗುಚಿ ಹಾಕಿದೆ, ಹೆಸರು ಸಿಕ್ಕಲಿಲ್ಲ. ಹಳೇ ವಿದ್ಯಾರ್ಥಿಗಳನ್ನ ಕೇಳೋಣ ಅಂದ್ರೆ ಮರ್ಯಾದೆ ಪ್ರಶ್ನೆ. ನೀವು ತಿಳಿದವರು. ಭಾನುವಾರ ನಾನು ಊರಿಗೆ ಹೊರಡೋದರೊಳಗೆ ಪತ್ತೆ ಮಾಡಿಕೊಡಿ. ಬೇಕಾದರೆ ಕಚೇರಿಗೆ ತಗೊಂಡು ಹೋಗಿ, ಅಲ್ಲಿ ನಾಲ್ಕು ಜನ ಬಲ್ಲವರು ಇರ್ತಾರೆ. ಒಂದು ಎಲೆ ಮಾತ್ರ ಉದುರಬಾರದು."

ಗುಮಾಸ್ತರು ಎರಡು ಕೈಯಲ್ಲೂ ಕುಂಡ ಹಿಡಿದುಕೊಂಡರು. ನೀವು ತಿಳಿದವರು ಎಂಬ ಮಾತು ಬಿಸಿ ಟೀಯಂತೆ ಎದೆಯೊಳಗೆ ಇಳಿಯುತ್ತಿತ್ತು. ಹತ್ತು ವರ್ಷ ಕಾದು ಸಿಕ್ಕಿದ ಮಾತು, ಭಾನುವಾರದವರೆಗಾದರೂ ಬಾಳಲಿ. ಇವತ್ತು ಬೆಳಗಿನಿಂದ ಆದದ್ದನ್ನು ಹೆಂಡತಿಯೂ ಸೇರಿ ಯಾರೊಬ್ಬರಿಗೂ ಹೇಳಬಾರದು ಎಂದು ಅವರು ಅಲ್ಲೇ ನಿಶ್ಚಯಿಸಿದರು.