ಯಂತ್ರಕ್ಕೆ ಅರ್ಧ ದಿನದ ರಜೆ

ಇಂದ:
'ಕೇಳಿ, ಹೇಳುವೆ' ಸ್ವಯಂಚಾಲಿತ ಉತ್ತರ ಯಂತ್ರ
(ಪೂರ್ವಾಶ್ರಮದಲ್ಲಿ ನಾಲ್ಕನೇ ಕಿಟಕಿಯ ಗುಮಾಸ್ತ),
ವಿದ್ಯಾರ್ಥಿ ಆನ್‌ಲೈನ್ ಸೇವಾ ವಿಭಾಗ, ಜೆರಾಕ್ಸ್ ಕೋಣೆಯ ಹಿಂದೆ.

ಗೆ:
ಕುಲಸಚಿವರು, ವಿಶ್ವವಿದ್ಯಾಲಯ.

ವಿಷಯ: ಯಂತ್ರಕ್ಕೆ ನಾಳೆ ಮಧ್ಯಾಹ್ನದ ಮೇಲೆ ಸಾಂದರ್ಭಿಕ ರಜೆ ಕೋರಿ.

ಉಲ್ಲೇಖ: "ಮಷೀನ್ ಬರೋವರೆಗೂ ನೀವೇ ಮಷೀನು ಕಣ್ರೀ" ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

1. ವಿದ್ಯಾರ್ಥಿಗಳು ಸಾಲಲ್ಲಿ ನಿಲ್ಲಬಾರದೆಂಬ ಕಾರಣಕ್ಕೆ ತಾವು ಕಿಟಕಿ ಮುಚ್ಚಿ, ಉತ್ತರ ಯಂತ್ರವನ್ನು ಉದ್ಘಾಟಿಸಿದಿರಿ. ಯಂತ್ರ ಇನ್ನೂ ಬಂದಿಲ್ಲ. ಆದ್ದರಿಂದ ಎಂಟು ತಿಂಗಳಿಂದ ನಾನೇ ಹಿಂದಿನ ಕೋಣೆಯಲ್ಲಿ ಕೂತು, ಎರಡು ಬೆರಳಲ್ಲಿ, ಸ್ವಯಂಚಾಲಿತವಾಗಿ ಉತ್ತರಿಸುತ್ತಿದ್ದೇನೆ. ತಂತ್ರಜ್ಞಾನದಲ್ಲಿ ತಂತ್ರ ತಮ್ಮದು, ಜ್ಞಾನ ನನ್ನದು. ಗೌಪ್ಯತೆಯ ಆದೇಶವಿರುವ ಕಾರಣ, ಮನೆಯವರ ಪಾಲಿಗೆ ನಾನು ಕಡತ ವಿಭಾಗದಲ್ಲಿದ್ದೇನೆ.

2. ಯಂತ್ರ ಮಮತೆ ತೋರಬಾರದೆಂಬ ನಿಯಮವನ್ನು ಒಮ್ಮೆ ಮುರಿದಿದ್ದೇನೆ. ಹಾಲ್ ಟಿಕೆಟ್ ಸಿಗದೆ ಮೂರು ಅಳುಮುಖ ಕಳಿಸಿದ ವಿದ್ಯಾರ್ಥಿಗೆ, ಕಿಟಕಿಯ ಅಭ್ಯಾಸಬಲದಿಂದ "ಊಟ ಆಯ್ತೇನಪ್ಪಾ?" ಎಂದು ಟೈಪಿಸಿದ್ದೆ. ಯಂತ್ರಕ್ಕೆ ಐದು ನಕ್ಷತ್ರ ಬಂತು. ತಾವು ಅದನ್ನು ಪತ್ರಿಕಾಗೋಷ್ಠಿಯಲ್ಲಿ ತೋರಿಸಿದಿರಿ.

3. ನಿನ್ನೆ ಫಲಿತಾಂಶ ಪ್ರಕಟವಾಯಿತು. ಸಂಖ್ಯಾಶಾಸ್ತ್ರದಲ್ಲಿ ಫೇಲಾದ ವಿದ್ಯಾರ್ಥಿನಿಯೊಬ್ಬಳು ಮರುಪರೀಕ್ಷೆಯ ಬಗ್ಗೆ ವಿಚಾರಿಸಿದಳು. ನಿಯಮದಂತೆ ನೋಂದಣಿ ಸಂಖ್ಯೆ ಕೇಳಿದೆ. ಕೊಟ್ಟಳು. ನನ್ನ ಮಗಳು.

4. ಆಮೇಲೆ ಕೇಳಿದಳು: "ನಮ್ಮಪ್ಪಂಗೆ ಹೇಗೆ ಹೇಳ್ಲಿ?"

ಈ ಪ್ರಶ್ನೆ ತಾವು ಕೊಟ್ಟ ಪಟ್ಟಿಯಲ್ಲಿಲ್ಲ. ಆದರೂ "ಹೇಳಿಬಿಡಿ, ಬೈಯಲ್ಲ" ಎಂದೆ.

"ನೀನು ಮಷೀನು, ನಿಂಗೇನ್ ಗೊತ್ತು? ಏಳು ಗಂಟೆಗೆ ಹರಳೆಣ್ಣೆ ಕುಡಿದ ಮುಖ ಹೊತ್ಕೊಂಡು ಬರ್ತಾರೆ. ದಿನವಿಡೀ ಯಾರ್ ಜೊತೆ ಗುದ್ದಾಡ್ತಾರೋ. ನಾಲ್ಕಕ್ಕೆ ನಾನು ಬಂದಾಗ ಮನೇಲಿದ್ರೆ ಹೇಳಿಬಿಡ್ತಿದ್ದೆ. ಒಂದಿನಾನೂ ಇರಲ್ಲ."

'ನಿನ್ನಂಥವರ ಜೊತೆಯೇ ಕಣೇ' ಎಂದು ಟೈಪಿಸಿ, ಅಳಿಸಿ, "ನಿಮ್ಮ ಪ್ರಶ್ನೆ ಅರ್ಥವಾಗಲಿಲ್ಲ" ಗುಂಡಿ ಒತ್ತಿದೆ. ಎಂಟು ತಿಂಗಳಲ್ಲಿ ಅಷ್ಟು ಚೆನ್ನಾಗಿ ಅರ್ಥವಾದ ಪ್ರಶ್ನೆ ಇನ್ನೊಂದಿಲ್ಲ.

5. ಸಂಜೆ ಮನೆಯಲ್ಲಿ ರಿಸಲ್ಟ್ ಇನ್ನೂ ಬಂದಿಲ್ಲ ಎಂದಳು. "ಸರ್ವರ್ ಡೌನ್ ಇರಬೇಕು ಮಗಳೇ" ಎಂದೆ. ಇಬ್ಬರೂ ತಟ್ಟೆ ನೋಡಿಕೊಂಡು ಊಟ ಮುಗಿಸಿದೆವು.

6. ನಾಡಿದ್ದು ಬೆಳಗ್ಗೆ ಫೇಲಾದವರ ಪೋಷಕರಿಗೆ ಸಂದೇಶ ತಾನಾಗಿಯೇ ಹೋಗುತ್ತದೆ. ಆ 'ತಾನು' ಕೂಡ ನಾನೇ. ಕಳಿಸುವವನು ನಾನು, ತಲುಪುವುದು ನನಗೆ, ತಡೆಯುವ ಅಧಿಕಾರ ಮಾತ್ರ ತಮ್ಮದು. ಅದು ಬರುವ ಮೊದಲು ಅವಳ ಬಾಯಿಂದಲೇ ಕೇಳಬೇಕೆಂಬುದು ನನ್ನ ಆಸೆ.

ಆದ್ದರಿಂದ, ನಾಳೆ ನಾಲ್ಕಕ್ಕೆ ನಾನು ಮನೆಯಲ್ಲಿರುವಂತೆ ರಜೆ ದಯಪಾಲಿಸಬೇಕು. ಆ ಹೊತ್ತಿನಲ್ಲಿ ಪರದೆಯ ಮೇಲೆ "ತಾಂತ್ರಿಕ ದೋಷ" ಎಂದು ಹಾಕಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಸರ್ವರ್ ಇರುವಷ್ಟು ಹೊತ್ತೂ ತಮ್ಮ ವಿಶ್ವಾಸಿ,
ಯಂತ್ರ

ಲಗತ್ತು:
ಅ) ಐದು ನಕ್ಷತ್ರದ 'ಊಟ ಆಯ್ತೇನಪ್ಪಾ' ಸಂಭಾಷಣೆಯ ಪ್ರತಿ.
ಆ) ಮಗಳ ಸಂಭಾಷಣೆಯ ಪೂರ್ತಿ ಪ್ರತಿ ಲಗತ್ತಿಸಿಲ್ಲ. ವಿದ್ಯಾರ್ಥಿಗಳ ಮಾಹಿತಿ ಗೌಪ್ಯ.

ವಿ.ಸೂ.: ರಜೆಯನ್ನು ಎರಡು ಗಂಟೆಯಿಂದಲೇ ಮಂಜೂರು ಮಾಡಬೇಕಾಗಿ ವಿನಂತಿ. ವಿಷಯ ಕೇಳಿ ನನಗೆ ಆಶ್ಚರ್ಯವಾಗಬೇಕಿದೆ. ಕನ್ನಡಿ ಮುಂದೆ ಸ್ವಲ್ಪ ಅಭ್ಯಾಸ ಬೇಕು.