ನಕ್ಷತ್ರ ಹಾಕಿದ ಸಾಲು

ಅಟ್ಟದ ಕೋಣೆಯಿಂದ ಕೆಳಗಿನ ಅಂಗಡಿಗೆ ಹದಿನಾಲ್ಕು ಮೆಟ್ಟಿಲು. ನಮೂನೆಗಾರ ಮೇಲೆ ಕೂತು ಅಂಗಿ, ಕೋಟುಗಳ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ. ದರ್ಜಿಯಾದ ಹೆಂಡತಿ ಕೆಳಗಿನ ಕಂಪ್ಯೂಟರಿನಿಂದ ಅವನ್ನು ಅಚ್ಚು ತೆಗೆದು ಬಟ್ಟೆ ಕತ್ತರಿಸುತ್ತಿದ್ದಳು. ನಡುವೆ ಪೆನ್ ಡ್ರೈವ್ ಹಿಡಿದು ದಿನಕ್ಕೆ ಇಪ್ಪತ್ತು ಸಲ ಹತ್ತಿಳಿಯುವ ಭಾಗ್ಯ ಅವನದು. ಆ ಬೆಳಿಗ್ಗೆ ತೋಳು ಒಯ್ದು, ಕಾಲರ್ ಮರೆತು, ಮತ್ತೆ ಹತ್ತುವಾಗ ಮಂಡಿ ಮುನಿಸಿಕೊಂಡಿತು.

"ಎರಡೂ ಕಂಪ್ಯೂಟರ್ ಜೋಡಿಸಿಬಿಡ್ತೀನಿ. ನಾನಿಲ್ಲಿ ಬರೆದದ್ದು ನಿನಗೆ ಅಲ್ಲೇ ಕಾಣುತ್ತೆ," ಎಂದು ಮೆಟ್ಟಿಲ ತುದಿಯಿಂದ ಕೂಗಿದ.

"ಜೋಡಿಸ್ತಾ ನಿದ್ದೆ ಹೋಗಬೇಡಿ ಮತ್ತೆ," ಎಂದಳು ಹೆಂಡತಿ.

ಅವಳ ಭಯ ಸುಳ್ಳಲ್ಲ. ನಮೂನೆಗಾರ ಕನಸಿನ ಮನುಷ್ಯ. ಕಂಡ ಕನಸನ್ನೆಲ್ಲ ಎದ್ದ ಕೂಡಲೇ ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದ. ಆರು ವರ್ಷದಿಂದ ಯಾರಿಗೂ ತೋರಿಸಿರಲಿಲ್ಲ. ಮನೆ ಮಾವನದು, ಅಂಗಡಿ ಹೆಂಡತಿಯದು. ತನ್ನದು ಎನ್ನಲು ಪಾಪ, ಅವನಿಗಿದ್ದದ್ದು ಅದೊಂದೇ.

ಮನೆಯ, ನೆರೆಮನೆಯ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟವನು ಅವನೇ. ಹಂಚಿಕೆಗೆ ಬೇಕಾದದ್ದು ಒಂದು ಸಾಲು: ಯಾವ ಫೋಲ್ಡರ್, ಯಾರಿಗೆ, ಓದಲು ಮಾತ್ರವೋ ಬರೆಯಲೂ ಬಹುದೋ. ಬಿಸಿಲು ಕೀಲಿಮಣೆಯ ಮೇಲೆ ಬೆಕ್ಕಿನ ಹಾಗೆ ಮಲಗಿತ್ತು. ಅವನಿಗೆ ಕಣ್ಣು ಎಳೆಯಿತು. ನಮೂನೆಗಳ ಫೋಲ್ಡರ್ ಬದಲು, ಕನಸುಗಳೂ ಇದ್ದ ತನ್ನ ಇಡೀ ಗಂಟುಮೂಟೆಯ ಫೋಲ್ಡರನ್ನೇ ಬರೆದ. 'ಯಾರಿಗೆ' ಎಂಬಲ್ಲಿ ಹೆಂಡತಿಯ ಕಂಪ್ಯೂಟರಿನ ಗುರುತಿನ ಅಂಕಿ ನೆನಪಾಗದೆ ನಕ್ಷತ್ರದ ಗುರುತು ಒತ್ತಿದ. ನಕ್ಷತ್ರವೆಂದರೆ 'ಎಲ್ಲರಿಗೂ'. ಬರೆಯಲೂಬಹುದು ಎಂದ. ಕಪ್ಪು ಪರದೆಯ ಮೇಲೆ ಒಂಟಿ ನಕ್ಷತ್ರ ಬಲು ಚೆನ್ನಾಗಿ ಕಂಡಿತು.

ಹತ್ತು ಗಂಟೆಗೆ ಮಾವ ಏದುಸಿರು ಬಿಡುತ್ತ ಹತ್ತಿ ಬಂದರು. ಅವರು ನಿವೃತ್ತ ಗ್ರಂಥಪಾಲಕರು. ಹಿಂದಿನ ಕೋಣೆಯಲ್ಲಿ ಅವರದೂ ಒಂದು ಕಂಪ್ಯೂಟರಿತ್ತು.

"ಅಳಿಯಂದ್ರೇ, ಮುನ್ನೂರ ಹನ್ನೆರಡನೇ ಕನಸಲ್ಲಿ ನನ್ನನ್ನ ಗಾಳಿಪಟ ಮಾಡಿದೀರಿ."

ನಮೂನೆಗಾರ ಎದ್ದು ಪರದೆಗೆ ಅಡ್ಡ ನಿಂತ. "ಮಾವ, ಅದು... ಬರೀ ಕನಸು..."

"ಮಾಡಿ, ಬೇಡ ಅನ್ನಲ್ಲ. ಬಾಲ ಯಾಕೆ ಅಷ್ಟು ಗಿಡ್ಡ? ನಾನೇ ಉದ್ದ ಮಾಡಿದೀನಿ."

ಅವರು ಇಳಿಯುವಷ್ಟರಲ್ಲಿ ಪಕ್ಕದ ಮನೆಯ ದಂತವೈದ್ಯೆ ತಮ್ಮ ಮಹಡಿಯ ಕಿಟಕಿಯಿಂದ ತಲೆ ಹೊರಹಾಕಿದರು. ಅವರಿಗೆ ಈ ಮನೆಯ ವೈಫೈ ಪಾಸ್‌ವರ್ಡ್ ಸಿಕ್ಕಿದ್ದು ಮಾವನ ಔದಾರ್ಯ.

"ನಿಮ್ಮ ಬಿಳಿ ಕುದುರೆಗೆ ಇಪ್ಪತ್ತೇ ಹಲ್ಲಾ? ನಲವತ್ತಾದ್ರೂ ಬೇಡ್ವಾ! ತಿದ್ದಿದೀನಿ, ಬೇಜಾರಿಲ್ಲ ತಾನೇ?"

ಬೇಜಾರೇ! ಅವನಿಗೆ ಬೀದಿಯಲ್ಲಿ ಬನಿಯನ್ನಿನಲ್ಲಿ ನಿಂತ ಹಾಗಾಯಿತು. ತಪ್ಪು ಎಲ್ಲಿದೆಯೆಂದು ಎಲ್ಲೆಲ್ಲೋ ತಡಕಾಡಿದ. ಊಟದ ಹೊತ್ತಾದರೂ ಸಿಗಲಿಲ್ಲ. ಕೆಳಗಿಳಿದರೆ ಹೆಂಡತಿ ಕತ್ತರಿ ಆಡಿಸುತ್ತ, ತಲೆ ಎತ್ತದೆ ಕೇಳಿದಳು, "ದೋಣಿಯಲ್ಲಿ ನಿಮ್ಮ ಜೊತೆ ಕೂತಿದ್ದೋಳು ಯಾರು?"

"ಮುಖ ಕಾಣಲಿಲ್ಲ ಕಣೇ."

"ಈಗ ಕಾಣುತ್ತೆ. ನನ್ನ ಮುಖ ಹಾಕಿದೀನಿ."

ಅವನು ಅನ್ನ ಅರ್ಧಕ್ಕೇ ಬಿಟ್ಟು ಎದ್ದ. ಮೇಲೆ ಓಡಿದವನಿಗೆ ಕೊನೆಗೂ ಆ ನಕ್ಷತ್ರ ಕಣ್ಣಿಗೆ ಬಿತ್ತು. ಸಾಲನ್ನೇ ಅಳಿಸಿದ. ಹಂಚಿಕೆ ನಿಂತಿತು. ಯಾರ ಕೈಯೂ ತಾಗದ ಒಂದು ಹೊಸ ಕನಸಾದರೂ ತನಗಿರಲಿ ಎಂದು ಹಟ ಹಿಡಿದು ಮಲಗಿದ.

ದೋಣಿ ಮೆಲ್ಲಗೆ ಬಂತು. ನೀರು ಇಸ್ತ್ರಿ ಮಾಡಿದ ಹಾಗಿತ್ತು. ಎದುರಿಗೆ ಹೆಂಡತಿ ನಗುತ್ತಿದ್ದಳು. ಮೇಲೆ ಮಾವ ಹಾರುತ್ತಿದ್ದರು, ಬಾಲ ಮೋಡದ ತನಕ. ಬಿಳಿ ಕುದುರೆ ಈಜಿ ಬಂದು ನಲವತ್ತು ಹಲ್ಲನ್ನೂ ತೋರಿಸಿತು. ಆಚೆ ದಡದಲ್ಲಿ, ಗೋಡೆಯೇ ಇಲ್ಲದೆ, ಒಂದು ನೀಲಿ ಬಾಗಿಲು ನಿಂತಿತ್ತು. ಅವನು ಚಿಲಕಕ್ಕೆ ಕೈ ಚಾಚಿದ, ಎಚ್ಚರವಾಯಿತು.

ಎದೆ ಹಗುರವಾಗಿತ್ತು. ಉಳಿದದ್ದು ಹಾಳಾಗಲಿ, ನೀಲಿ ಬಾಗಿಲಂತೂ ತನ್ನದೇ! ಬರೆದಿಡಲು ಕನಸುಗಳ ಫೋಲ್ಡರ್ ತೆರೆದ.

'ಇವತ್ತು ಮಧ್ಯಾಹ್ನ' ಎಂಬ ಹೆಸರಿನ ಹಾಳೆಯೊಂದು ಆಗಲೇ ಅಲ್ಲಿತ್ತು. ಅವನು ಸಾಲು ಅಳಿಸುವ ಮುಂಚೆಯೇ, ಹನ್ನೊಂದೂವರೆಗೆ ಮೂವರೂ ಸೇರಿ ಬರೆದದ್ದು. ದೋಣಿ, ಬಾಲ, ಹಲ್ಲು, ಕೊನೆಗೆ ಹೆಂಡತಿಯ ಸಾಲು: "ದಡದಲ್ಲಿ ನೀಲಿ ಬಾಗಿಲು. ತೆರೆದರೆ ಹದಿನಾಲ್ಕು ಮೆಟ್ಟಿಲು. ಅವರು ಕಾಲರ್ ಹಿಡಿದುಕೊಂಡು ಇಳಿದು ಬರುತ್ತಾರೆ."

"ಎದ್ರಾ?" ಕೆಳಗಿನಿಂದ ಕೂಗು ಬಂತು. "ಇಲ್ಲಿ ಏನೂ ಕಾಣ್ತಿಲ್ಲ. ಕಾಲರ್ ಪೆನ್ ಡ್ರೈವಲ್ಲೇ ತನ್ನಿ!"

ಅವನು ತೆಗೆದುಕೊಂಡು ಇಳಿದ.